ಕಡಿದ ಕಬ್ಬು ಕಾಯೋದಿಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಂಗಾಮು ಶುರುವಾದ್ರ ಕಾರ್ಖಾನೆ ಗೇಟಿನ ಮುಂದ ಟ್ರ್ಯಾಕ್ಟರ್ ಸಾಲು ನೋಡೇ ಇರ್ತೀರಿ. ಆ ಸಾಲಿನಾಗ ನಿಂತ ಕಬ್ಬಿನೊಳಗ ಏನಾಗ್ತದ ಗೊತ್ತೇನ್ರಿ?

ಕಬ್ಬಿನ ಸಕ್ಕರೆ ಅಂದ್ರೆ ಸುಕ್ರೋಸ್. ಗ್ಲುಕೋಸ್ ಮತ್ತು ಫ್ರಕ್ಟೋಸ್ ಕೂಡಿದ ಜೋಡಿ. ಬೆಳೆಯುವ ಕಬ್ಬಿನಲ್ಲಿ ಈ ಜೋಡಿ ಕಟ್ಟುವ ಕಿಣ್ವಗಳಿವೆ. ಕಡಿದ ಮೇಲೆ ಬೇರಿನ ನೀರು ನಿಲ್ಲುತ್ತದೆ. ಬಿಸಿಲಿಗೆ ಒಣಗಿದಷ್ಟೂ ಇನ್ವರ್ಟೇಸ್ ಅನ್ನೋ ಕಿಣ್ವ ಜೋರಾಗಿ ಜೋಡಿ ಒಡೆಯುತ್ತದೆ. ಒಡೆದದ್ದೂ ಸಿಹಿನೇ, ಆದ್ರೆ ಹರಳುಗಟ್ಟೋದಿಲ್ಲ, ಕಾಕಂಬಿ ಪಾಲಾಗುತ್ತದೆ. ತೂಕವೂ ಇಳೀತದ.

ಇದಕ್ಕೂ ನಮ್ಮ ದರಕ್ಕೂ ಏನು ಸಂಬಂಧ? 2025–26ಕ್ಕೆ ಕೇಂದ್ರದ ಎಫ್‌ಆರ್‌ಪಿ, 10.25% ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇಳುವರಿ 0.1 ಹೆಚ್ಚಾದ್ರೆ 34.60 ರೂಪಾಯಿ ಜಾಸ್ತಿ. ಲೆಕ್ಕ ಹಿಡಿಯೋದು ಕಾರ್ಖಾನೆಯ ಹಿಂದಿನ ಹಂಗಾಮಿನ ಇಳುವರಿ ಮೇಲೆ. ಅಂದ್ರೆ ಇವತ್ತು ಗೇಟಿನಾಗ ಒಣಗಿದ ಕಬ್ಬು ಮುಂದಿನ ವರ್ಷ ಎಲ್ಲರ ದರಕ್ಕೂ ಹೊಡೆತ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು 3,500ಕ್ಕಾಗಿ ಕೂತಾಗ, ಕೊನೆಗೆ ಸರ್ಕಾರ ಹೇಳಿದ ದರವೂ ಇಳುವರಿಗೇ ಕಟ್ಟಿದ್ದು.

ಗಾಡಿ ಖಾತ್ರಿಯಾಗದೆ ಕಡಿಸಬ್ಯಾಡ್ರಿ. ತಡವಾದ್ರ ರವದಿ ಮುಚ್ಚಿ ನೀರು ಚಿಮುಕಿಸ್ರಿ. ಆದ್ರ ಕಡಿಯೋ ಪಾಳಿ ಹಂಚೋದು ಕಾರ್ಖಾನೆ. ಸಾಲು ಕಮ್ಮಿ ಮಾಡ್ರಿ ಅಂತ ಕೇಳೋ ಹಕ್ಕು ನಮ್ಮದು. ಕಿಣ್ವ ಯಾರ ಪಾಳಿಗೂ ಕಾಯೋದಿಲ್ರೀ.