ಹೊಳೆಯನ್ನು ಓದುವ ಮೊದಲ ಗಳಿಗೆ

ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರ ತಾಲ್ಲೂಕಿನಲ್ಲಿ ಸುರಿಯುವ ಮಳೆ ಎರಡು ಸಮುದ್ರಗಳ ಪಾಲಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯ ಕಡೆ ಹೋಗುತ್ತಾಳೆ. ಮಹದಾಯಿ ಭೀಮಗಡದ ಕಾಡಿನಿಂದಿಳಿದು, ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತಾಳೆ. ಅಕ್ಕಪಕ್ಕದಲ್ಲೇ ಹುಟ್ಟಿದ ನೀರಿಗೂ ಬೇರೆ ಬೇರೆ ದಾರಿ, ಬೇರೆ ಬೇರೆ ನಡೆ. ಗೊತ್ತಿಲ್ಲದ ಹೊಳೆಗೆ ಮೊದಲ ಸಲ ಗಾಳ ಹಿಡಿದು ಹೋಗುವವರು ಇದನ್ನು ನೆನಪಿಡಬೇಕು. ಹಳೆಯ ಹೊಳೆಯಲ್ಲಿ ಕಲಿತದ್ದು ಹೊಸ ಹೊಳೆಗೆ ಸಾಲದು.

ಗಾಳದಲ್ಲಿ ಫ್ಲೈ ಫಿಶಿಂಗ್ ಎಂಬ ಒಂದು ಬಗೆ ಇದೆ. ಕೊಕ್ಕೆಗೆ ಎರೆಹುಳುವಿನ ಬದಲು ಗರಿ, ದಾರ, ಕೂದಲು ಸುತ್ತಿ ಹುಳುವಿನ ರೂಪ ಕೊಡುತ್ತಾರೆ. ಅದಕ್ಕೆ ತೂಕ ತೀರಾ ಕಡಿಮೆಯಾದ್ದರಿಂದ ಭಾರವಾದ ದಾರವನ್ನೇ ಬೀಸಿ, ಆ ಬೀಸಿನ ಬಲದಿಂದ ಅದನ್ನು ನೀರಿನ ಮೇಲೆ ಹಗುರಾಗಿ ಇಳಿಸುತ್ತಾರೆ. ತಣ್ಣೀರಿನ ಟ್ರೌಟ್ ಮೀನಿಗಾಗಿ ಬೆಳೆದ ವಿದ್ಯೆ ಇದು. ಬ್ರಿಟಿಷರು ಟ್ರೌಟನ್ನು ನೀಲಗಿರಿಯ ಹೊಳೆಗಳಿಗೆ ತಂದು ಬಿಟ್ಟರು. ನಮ್ಮ ಮಲಪ್ರಭೆಯ ನೀರು ಆ ಮೀನಿಗೆ ಬಲು ಬೆಚ್ಚಗೆ. ಕೃಷ್ಣಾ ಕಣಿವೆಯ ಹೆಸರಾಂತ ಮೀನು ಮಹಶೀರ್. ಏಡಿ, ಬಸವನಹುಳು, ದಡದ ಅತ್ತಿಮರದಿಂದ ಉದುರಿದ ಹಣ್ಣು, ಎಲ್ಲವೂ ಅದಕ್ಕೆ ಆಹಾರ.

ಮೀನು ಯಾವುದೇ ಇರಲಿ, ಬಲ್ಲವರು ಹೊಸ ಹೊಳೆಗೆ ಹೋದೊಡನೆ ಗಾಳ ಬೀಸುವುದಿಲ್ಲ. ಮೊದಲು ನೀರನ್ನು ನೋಡುತ್ತಾರೆ. ಮೀನು ಹರಿವಿಗೆ ಎದುರಾಗಿ ಮುಖಮಾಡಿ ನಿಲ್ಲುತ್ತದೆ. ಅದರ ಊಟ ಮೇಲಿನಿಂದ ತೇಲಿ ಬರುತ್ತದೆ. ಬಂಡೆಯ ಹಿಂದೆ ನೀರು ಶಾಂತವಾಗಿರುವಲ್ಲಿ ಅದಕ್ಕೆ ದಣಿವಿಲ್ಲ. ನೊರೆ ಸಾಲಾಗಿ ಸಾಗುವಲ್ಲೇ ಹುಳುಗಳೂ ಸಾಗುತ್ತವೆ. ಬೇಸಿಗೆಯಲ್ಲಿ ಆಳದ ಮಡುವೇ ಅದರ ಆಸರೆ. ದಡದಲ್ಲಿ ನಮ್ಮ ಹೆಜ್ಜೆ ಅದುರಿದರೂ ಮೀನಿನ ಮೈಗೆ ತಿಳಿಯುತ್ತದೆ, ನೆರಳು ಬಿದ್ದರಂತೂ ಅದು ಅಲ್ಲಿ ನಿಲ್ಲುವುದಿಲ್ಲ.

ಆಮೇಲೆ ನೀರೊಳಗಿನ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ ಮಗುಚುತ್ತಾರೆ. ಅದರ ಅಡಿಯಲ್ಲಿ ಒಂದು ಊರೇ ಇರುತ್ತದೆ. ಮರಳಿನ ಕಣಗಳನ್ನು ಅಂಟಿಸಿ ಗೂಡು ಕಟ್ಟಿಕೊಂಡ ಹುಳುಗಳಿರುತ್ತವೆ. ಬಾಲದಲ್ಲಿ ಮೂರು ಎಳೆಗಳಿರುವ ಮೇಫ್ಲೈ ಮರಿಗಳಿರುತ್ತವೆ. ಇವು ಬಹುಕಾಲ ನೀರಿನಲ್ಲೇ ಬೆಳೆದು, ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನದೆ, ಸಂತಾನಕ್ಕಾಗಿ ಅಲ್ಪಕಾಲ ಬದುಕಿ ಮುಗಿಯುತ್ತವೆ. ಆ ಹೊಳೆಯ ಮೀನು ಏನುಂಡು ಬದುಕಿದೆ ಎಂಬುದನ್ನು ಆ ಕಲ್ಲು ಹೇಳುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡುವುದು ಆ ಊರಿಗೆ ನಾವು ತೋರುವ ಮರ್ಯಾದೆ.

ಖಾನಾಪುರದ ಗಡಿಹಳ್ಳಿಯ ಶಾಲೆಗೆ ವರ್ಗವಾಗಿ ಬರುವ ಶಿಕ್ಷಕಿಯ ಕೆಲಸವೂ ಇಂಥದ್ದೇ. ಅಲ್ಲಿನ ಮಕ್ಕಳ ಮನೆಮಾತು ಕನ್ನಡವಿರಬಹುದು, ಮರಾಠಿಯಿರಬಹುದು, ಕೊಂಕಣಿಯಿರಬಹುದು. ಬೆಳಿಗ್ಗೆ ಏನುಂಡು ಬಂದಿರಿ, ಎಷ್ಟು ದೂರ ನಡೆದಿರಿ ಎಂದು ಮೊದಲು ಕೇಳಿ ತಿಳಿದವರ ಪಾಠ ಮಕ್ಕಳಿಗೆ ಬೇಗ ಹತ್ತುತ್ತದೆ. ಯಾವ ಬದುಕನ್ನೇ ಆಗಲಿ ಅರಿಯುವ ದಾರಿ, ಅದು ಯಾವುದರಿಂದ ಪೋಷಣೆ ಪಡೆಯುತ್ತಿದೆ ಎಂದು ನೋಡುವುದರಲ್ಲಿದೆ.

ಹೀಗೆ ಅರಿತವರಿಗೆ ಹೊಣೆಯೂ ಬರುತ್ತದೆ. ಮುಂಗಾರಿನ ಹೊಸನೀರಿಗೆ ಎಷ್ಟೋ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಏರಿ ಬರುತ್ತವೆ. ಆಗ ಗಾಳ ಮನೆಯಲ್ಲಿರಬೇಕು. ಭೀಮಗಡ 2011ರಿಂದ ವನ್ಯಜೀವಿಧಾಮ. ಅಲ್ಲಿ ಕಣ್ಣಷ್ಟೇ ಸಾಕು. ಈ ಹೊಣೆ ಗಾಳ ಹಿಡಿಯುವವರದ್ದಷ್ಟೇ ಅಲ್ಲ. ಬೆಳಗಾವಿ ನಗರಕ್ಕೆ ರಕ್ಕಸಕೊಪ್ಪ ಜಲಾಶಯದಿಂದ ಬರುವುದು ಮಾರ್ಕಂಡೇಯ ಹೊಳೆಯ ನೀರು. ಅಂದರೆ ಹೊಳೆಯಿಂದ ಪೋಷಣೆ ಪಡೆಯುವವರಲ್ಲಿ ನಾವೂ ಸೇರಿದ್ದೇವೆ.

ಆದ್ದರಿಂದ ಮುಂದಿನ ಸಲ ಅಸೋಗಾಕ್ಕೋ ಹಬ್ಬನಹಟ್ಟಿಗೋ ದೇವರ ದರ್ಶನಕ್ಕೆ ಹೋದಾಗ, ನೀರು ಇಳಿದಿದ್ದರೆ, ಮಲಪ್ರಭೆಯ ಒಂದು ಕಲ್ಲನ್ನು ಮಕ್ಕಳ ಜೊತೆ ಎತ್ತಿ ನೋಡಿ. ಹೆಚ್ಚಿನ ಮೇಫ್ಲೈ ಮರಿಗಳು ಹೊಲಸು ನೀರಿನಲ್ಲಿ ಬಾಳಲಾರವು. ಅವು ಕಂಡರೆ ಹೊಳೆ ಇನ್ನೂ ಬದುಕಿದೆ ಎಂದು ಮಕ್ಕಳಿಗೆ ಹೇಳಿ. ಕಾಣದಿದ್ದರೆ, ಈ ನೀರಿಗೆ ಮೇಲೆಲ್ಲೋ ಏನು ಸೇರುತ್ತಿದೆ ಎಂದು ವಿಚಾರಿಸಿ. ಆ ನೀರು ಕುಡಿಯುವ ಪ್ರತಿಯೊಬ್ಬರಿಗೂ ಅದನ್ನು ಕೇಳುವ ಹಕ್ಕಿದೆ.