ತಲೆಗೆ ಪೆಟ್ಟು ಬಿದ್ದ ಮಗು ಮತ್ತು ತಾಯಿಯ ಮಾತು

(ನಮ್ಮ ಕಾರ್ಮಿಕರ ಕೂಟದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಕೂಲಿಯ ವಿಷಯವಾಗಲಿ ಬೋನಸ್ಸಿನ ವಿಷಯವಾಗಲಿ ಮಾತಾಡಲು ನಾವು ನಿಂತಿಲ್ಲ. ನಮ್ಮ ಮಕ್ಕಳ ತಲೆಗೆ ಬೀಳುವ ಪೆಟ್ಟಿನ ವಿಷಯ ಮಾತಾಡಬೇಕಾಗಿದೆ. ಅದಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ.

ನಮ್ಮ ಲೈನಿನ ಒಬ್ಬ ಹುಡುಗ, ಎಂಟು ವರ್ಷದವನು, ಹಲಸಿನ ಮರದಿಂದ ಬಿದ್ದ. ಕಿವಿಯ ಮೇಲ್ಭಾಗದಲ್ಲಿ ಗಾಯವಾಗಿತ್ತು, ಸ್ವಲ್ಪ ಹೊತ್ತು ಎಚ್ಚರವೂ ತಪ್ಪಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ನಾಲ್ಕು ದಿನ ಇಟ್ಟುಕೊಂಡು ಕಳುಹಿಸಿದರು. ಹೊಲಿಗೆ ಬಿಚ್ಚಿದ ದಿನ ನಾವೆಲ್ಲ ‘ಗಂಡಾಂತರ ಕಳೆಯಿತು’ ಎಂದೆವು. ಅವನ ತಾಯಿ ಮಾತ್ರ ‘ನನ್ನ ಮಗ ಮೊದಲಿನ ಹಾಗಿಲ್ಲ’ ಎನ್ನುತ್ತಲೇ ಇದ್ದಳು. ಅಂಗಡಿಗೆ ಕಳುಹಿಸಿದರೆ ಏನು ತರಬೇಕೆಂಬುದನ್ನು ಮರೆತು ಬರಿಗೈಯಲ್ಲಿ ಬರುತ್ತಿದ್ದ. ಸಣ್ಣ ಮಾತಿಗೂ ತಟ್ಟೆ ಎಸೆಯುತ್ತಿದ್ದ. ಮಗ್ಗಿಯನ್ನು ಗಳಗಳನೆ ಹೇಳುತ್ತಿದ್ದವನು ನಡುವೆ ನಿಂತುಬಿಡುತ್ತಿದ್ದ. ಶಾಲೆಯಲ್ಲಿ ಏಟು, ಮನೆಗೆ ಬಂದರೆ ತಂದೆಯ ಏಟು. ಹಿರಿಯರೆನಿಸಿಕೊಂಡ ನಾವು ‘ಮುದ್ದು ಜಾಸ್ತಿಯಾಯಿತು, ಸ್ವಲ್ಪ ಬಿಗಿಯಾಗಿ ಇಡಮ್ಮ’ ಎಂದು ಆ ತಾಯಿಗೇ ಬುದ್ಧಿ ಹೇಳಿದೆವು. ಒಂದು ವರ್ಷ ಕಳೆದ ಮೇಲೆ ದೊಡ್ಡ ಆಸ್ಪತ್ರೆಯ ಡಾಕ್ಟರೊಬ್ಬರು, ಇದು ಹಟವಲ್ಲ, ಅಂದಿನ ಪೆಟ್ಟಿನ ಉಳಿಕೆ ಎಂದು ತಿಳಿಸಿದರು. ಆ ಒಂದು ವರ್ಷದ ಏಟುಗಳನ್ನು ನಾವು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರೆವು. ಆದುದರಿಂದಲೇ ಈ ಮಾತು.

ಪೆಟ್ಟು ಬಿದ್ದಾಗ ಒಳಗೆ ಏನಾಗುತ್ತದೆ? ಮೆದುಳು ಬಹಳ ಮೆದು, ಬುರುಡೆ ಬಹಳ ಗಟ್ಟಿ. ಬಿದ್ದ ರಭಸಕ್ಕೆ ಮೆದುಳು ಅಲುಗಿ ಬುರುಡೆಯ ಗೋಡೆಗೆ ತಾಗುತ್ತದೆ. ಅದರೊಳಗಿನ ಸೂಕ್ಷ್ಮ ಎಳೆಗಳು ಜಗ್ಗಿಹೋಗುತ್ತವೆ. ಒಳಗೆ ರಕ್ತನಾಳ ಹರಿದರೆ ರಕ್ತ ಸೇರಿಕೊಳ್ಳುತ್ತದೆ. ಬುರುಡೆ ಹಿಗ್ಗುವ ಚೀಲವಲ್ಲ. ಆದುದರಿಂದ ರಕ್ತ ಹೆಚ್ಚಿದಷ್ಟೂ ಮೆದುಳು ಅದುಮಿಹೋಗುತ್ತದೆ. ಇದು ಕೆಲವೊಮ್ಮೆ ಮೆಲ್ಲಗೆ ನಡೆಯುತ್ತದೆ. ಬಿದ್ದ ಮಗು ಎದ್ದು ಆಡುತ್ತದೆ, ಗಂಜಿ ಕುಡಿಯುತ್ತದೆ, ಕೆಲವು ಗಂಟೆಗಳ ಮೇಲೆ ಮಂಕಾಗುತ್ತದೆ. ‘ಆಗ ಚೆನ್ನಾಗಿಯೇ ಇತ್ತಲ್ಲ’ ಎಂದು ನಾವು ಮೋಸಹೋಗುವುದು ಇಲ್ಲಿಯೇ.

ಇದನ್ನು ಅಳೆಯುವುದಕ್ಕೆ 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ಇಬ್ಬರು ಡಾಕ್ಟರುಗಳು ಒಂದು ಕ್ರಮವನ್ನು ಮಾಡಿದರು. ರೋಗಿ ಕಣ್ಣು ತೆರೆಯುತ್ತಾನೋ, ಮಾತಾಡುತ್ತಾನೋ, ಕೈಕಾಲು ಆಡಿಸುತ್ತಾನೋ ಎಂದು ನೋಡಿ ಅಂಕ ಕೊಡುತ್ತಾರೆ. ಅತಿ ಕಡಿಮೆ 3, ಪೂರ್ತಿ 15. ಮಾತು ಬಾರದ ಕೂಸುಗಳಿಗೆ ಅಳುವ ರೀತಿಯನ್ನು ನೋಡಿ ಅಂಕ ಕೊಡುವಂತೆ ಅದನ್ನು ಆಮೇಲೆ ತಿದ್ದಿಕೊಂಡರು. ಇಂದಿಗೂ ಆಸ್ಪತ್ರೆಗಳಲ್ಲಿ ನಡೆಯುವುದು ಇದೇ ಲೆಕ್ಕ.

ತಲೆಯ ಸಿ.ಟಿ. ಸ್ಕ್ಯಾನ್ ಕೂಡ ಇದೆ. ಅದು ಒಳಗಿನ ರಕ್ತವನ್ನು ತೋರಿಸುತ್ತದೆ. ಆದರೆ ಅದರ ಕಿರಣಗಳು ಎಳೆ ಮಕ್ಕಳಿಗೆ ಅಷ್ಟು ಒಳ್ಳೆಯದಲ್ಲ. ಯಾವ ಮಗುವಿಗೆ ಅದು ಬೇಕು, ಯಾವುದಕ್ಕೆ ಬೇಡ? ಅಮೆರಿಕದ 25 ಆಸ್ಪತ್ರೆಗಳು ಒಟ್ಟುಗೂಡಿ, ಮೇಲ್ನೋಟಕ್ಕೆ ಸಣ್ಣ ಪೆಟ್ಟಿನ 42,412 ಮಕ್ಕಳನ್ನು ಪರೀಕ್ಷಿಸಿ 2009ರಲ್ಲಿ ಉತ್ತರ ಕೊಟ್ಟವು. ನೂರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಲ್ಲಿ ಮಾತ್ರ ಮೆದುಳಿಗೆ ದೊಡ್ಡ ಅಪಾಯವಿತ್ತು. ಆ ಮಕ್ಕಳನ್ನು ಬಿಟ್ಟುಹೋಗದಂತೆ ಹಿಡಿಯಲು, ಎರಡು ವರ್ಷದೊಳಗಿನ ಕೂಸುಗಳಿಗೆ ಆರು ಗುರುತುಗಳನ್ನು ಹೇಳಿದರು: ಮಂಕಾಗಿರುವುದು; ಐದು ಸೆಕೆಂಡು ಅಥವಾ ಹೆಚ್ಚು ಎಚ್ಚರ ತಪ್ಪಿರುವುದು; ಹಣೆ ಬಿಟ್ಟು ತಲೆಯ ಬೇರೆ ಕಡೆ ಬುಗುಟು; ಬುರುಡೆ ಒಡೆದದ್ದು ಕೈಗೆ ತಿಳಿಯುವುದು; ಮೂರು ಅಡಿಗಿಂತ ಎತ್ತರದಿಂದ ಬಿದ್ದಂತಹ ಬಲವಾದ ಪೆಟ್ಟು. ಆರನೆಯದು ಯಾವುದು ಗೊತ್ತೇ? ‘ಮಗು ಎಂದಿನ ಹಾಗಿಲ್ಲ’ ಎಂದು ತಾಯಿತಂದೆ ಹೇಳುವುದು.

ತಾಯಂದಿರೇ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಲವತ್ತು ಸಾವಿರ ಮಕ್ಕಳನ್ನು ನೋಡಿದ ವಿಜ್ಞಾನವೇ ನಿಮ್ಮ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಓದು ಬಾರದವಳು, ಎಲೆ ಕೀಳುವವಳು ಎಂದು ಡಾಕ್ಟರ ಮುಂದೆ ತಲೆ ತಗ್ಗಿಸಿ ನಿಲ್ಲಬೇಡಿ. ಮಗು ಎಂದಿನ ಹಾಗೆ ನಿಮ್ಮನ್ನು ಗುರುತಿಸುತ್ತಿಲ್ಲ, ಕೇಳಿದ್ದನ್ನೇ ಕೇಳುತ್ತಿದೆ, ಎಬ್ಬಿಸಿದರೂ ಮತ್ತೆ ಮತ್ತೆ ಜೋಂಪು ಹತ್ತುತ್ತಿದೆ ಎಂದರೆ ಬಾಯಿಬಿಟ್ಟು ಹೇಳಿ.

ದೊಡ್ಡ ಮಕ್ಕಳಲ್ಲಿ ನೋಡಬೇಕಾದದ್ದು: ಎಚ್ಚರ ತಪ್ಪುವುದು, ವಾಂತಿ, ತಾಳಲಾರದ ತಲೆನೋವು, ಫಿಟ್ಸ್, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಸೋರುವುದು, ಐದು ಅಡಿಗಿಂತ ಮೇಲಿನಿಂದ ಬಿದ್ದಿರುವುದು. ಇಂತಹ ಒಂದು ಗುರುತು ಕಂಡರೂ ಕೂಡಲೇ 108ಕ್ಕೆ ಫೋನ್ ಮಾಡಿ. ಅರ್ಧ ದಿನದ ಕೂಲಿ ಹೋಗುತ್ತದೆಂದು ಸಂಜೆಯವರೆಗೆ ಕಾಯಬೇಡಿ. ಘಟ್ಟ ಇಳಿಯುವುದಕ್ಕೇ ಗಂಟೆಗಟ್ಟಲೆ ಬೇಕಾಗುವ ನಮಗೆ ಕಾಯುವ ಸಮಯವೇ ಇಲ್ಲ.

ಗಾಡಿ ಬರುವವರೆಗೆ ಕತ್ತನ್ನು ಅಲುಗಿಸದಂತೆ ಮಲಗಿಸಿ. ವಾಂತಿ ಬಂದರೆ ತಲೆ, ಕತ್ತು, ಮೈ ಒಟ್ಟಿಗೆ ಬರುವಂತೆ ಪಕ್ಕಕ್ಕೆ ಹೊರಳಿಸಿ. ರಕ್ತ ಬರುವಲ್ಲಿ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಬುರುಡೆ ಕುಸಿದಂತೆ ಕಂಡರೆ ಒತ್ತಬೇಡಿ. ಗಾಯಕ್ಕೆ ಕಾಫಿಪುಡಿ ತುಂಬಬೇಡಿ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ನೀರು ಹಾಕಬೇಡಿ, ಅದು ಉಸಿರ್ಗೊಳವೆಗೆ ಹೋಗುತ್ತದೆ. ಉಸಿರು ಕಟ್ಟಿದರೆ ಪೆಟ್ಟು ತಿಂದ ಮೆದುಳಿಗೆ ಎರಡನೆಯ ಪೆಟ್ಟು ಬಿದ್ದಂತೆಯೇ.

ಇನ್ನು ಮನೆಗೆ ಬಂದ ಮೇಲಿನ ಮಾತು. ಪೆಟ್ಟು ಸಣ್ಣದಾಗಿದ್ದರೆ ಮಗುವನ್ನು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಬೇಕಾಗಿಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ 11ರಿಂದ 22 ವರ್ಷದವರನ್ನು ಎರಡು ಗುಂಪು ಮಾಡಿ ನೋಡಿದರು; ಐದು ದಿನ ಕಟ್ಟುನಿಟ್ಟಾಗಿ ಮಲಗಿದವರು ಒಂದೆರಡು ದಿನ ವಿಶ್ರಾಂತಿ ಪಡೆದವರಿಗಿಂತ ಹೆಚ್ಚು ತೊಂದರೆ ಹೇಳಿಕೊಂಡರೆಂದು 2015ರಲ್ಲಿ ಪ್ರಕಟವಾಯಿತು. ಒಂದೆರಡು ದಿನ ಹಗುರವಾಗಿ ಇರಿಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ನಡಿಗೆ, ಓದು, ಶಾಲೆ. ಮತ್ತೆ ತಲೆಗೆ ಪೆಟ್ಟಾಗಬಹುದಾದ ಆಟವನ್ನು ಮಾತ್ರ ಡಾಕ್ಟರು ಹೇಳುವವರೆಗೆ ಬೇಡ.

ಪೆಟ್ಟು ದೊಡ್ಡದಾಗಿದ್ದರೆ ದಾರಿ ಉದ್ದ. ಎಳೆಯ ಮೆದುಳು ಬೇಗ ಕೂಡಿಕೊಳ್ಳುತ್ತದೆ ಎಂಬ ನಂಬಿಕೆ ಡಾಕ್ಟರುಗಳಲ್ಲಿಯೂ ಬಹುಕಾಲ ಇತ್ತು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ವಿಕ್ಕಿ ಆಂಡರ್ಸನ್ ಮತ್ತು ಅವರ ಸಂಗಡಿಗರು, ಚಿಕ್ಕಂದಿನಲ್ಲಿ ಪೆಟ್ಟು ತಿಂದ ಮಕ್ಕಳನ್ನು 10 ವರ್ಷಗಳ ನಂತರವೂ ಪರೀಕ್ಷಿಸಿದರು. ಎಳವೆಯಲ್ಲಿ ಬಲವಾದ ಪೆಟ್ಟು ತಿಂದವರಲ್ಲಿ ಕಲಿಕೆಯ ಕೊರತೆ ಉಳಿದಿತ್ತು. ಕಾರಣ ಸರಳ. ದೊಡ್ಡವನು ಕಲಿತದ್ದನ್ನು ಕಳೆದುಕೊಳ್ಳುತ್ತಾನೆ; ಮಗು ಇನ್ನೂ ಕಲಿಯಬೇಕಾದದ್ದನ್ನೇ ಕಷ್ಟದಿಂದ ಕಲಿಯಬೇಕಾಗುತ್ತದೆ. ಮೂರನೆಯ ತರಗತಿಯಲ್ಲಿ ಕಾಣದ ಕೊರತೆ ಆರನೆಯ ತರಗತಿಯಲ್ಲಿ ಕಾಣಬಹುದು. ಆಗ ಹಳೆಯ ಪೆಟ್ಟು ಯಾರಿಗೂ ನೆನಪಿರುವುದಿಲ್ಲ. ಆದುದರಿಂದ ಆಸ್ಪತ್ರೆಯ ಚೀಟಿಯನ್ನು ರೇಷನ್ ಕಾರ್ಡಿನ ಜೊತೆಯಲ್ಲೇ ಇಟ್ಟುಕೊಳ್ಳಿ.

ಈ ಮಕ್ಕಳಿಗೆ ಮನೆಯ ವಾತಾವರಣವೂ ಔಷಧಿಯೇ. ಆಸರೆ ಇರುವ ಮನೆಯಲ್ಲಿ ಮಗು ಹೆಚ್ಚು ಸುಧಾರಿಸುತ್ತದೆಂದು ಅಮೆರಿಕದ ಒಹಾಯೊದಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಏಳುವ, ಉಣ್ಣುವ, ಮಲಗುವ ಹೊತ್ತು ದಿನವೂ ಒಂದೇ ಇರಲಿ. ಆಯಾಸವಾದರೆ ಮಲಗಲು ಬಿಡಿ. ಶಾಲೆಗೆ ಚೀಟಿ ಹಿಡಿದು ಹೋಗಿ ಮೇಷ್ಟರಿಗೆ ವಿಷಯ ತಿಳಿಸಿ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾನೂನು ನಿಷೇಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಲೆಪೆಟ್ಟಿನ ಚಿಕಿತ್ಸೆಯೂ ಆಮೇಲಿನ ಪುನಶ್ಚೇತನವೂ ಇದೆ. ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ಮನೆಯಲ್ಲಿ ಕನ್ನಡವಾಡುವ ನಮ್ಮ ಮಕ್ಕಳಿಗೆ ಅಲ್ಲಿ ಕನ್ನಡದಲ್ಲಿಯೇ ಅಭ್ಯಾಸ ದೊರೆಯುತ್ತದೆ.

ನಮ್ಮ ಆ ಹುಡುಗ ಈಗ ಮುಂದಿನ ಬೆಂಚಿನಲ್ಲಿ ಕೂರುತ್ತಾನೆ. ಅಂಗಡಿಗೆ ಹೋಗುವಾಗ ತಾಯಿ ಬರೆಸಿಕೊಟ್ಟ ಚೀಟಿ ಅವನ ಜೇಬಿನಲ್ಲಿರುತ್ತದೆ. ಮೊದಲಿನ ಹಾಗೆ ಪೂರ್ತಿ ಆಗಿಲ್ಲ, ಆಗುತ್ತಾನೆಂದೂ ನಾವು ಹೇಳುವುದಿಲ್ಲ. ಆದರೆ ಏಟು ನಿಂತಿದೆ, ಅವನು ನಗುತ್ತಾನೆ. ಮುಂದೆ ನಮ್ಮ ಯಾವ ಲೈನಿನಲ್ಲಿಯಾದರೂ ಒಬ್ಬ ತಾಯಿ ‘ನನ್ನ ಮಗು ಎಂದಿನ ಹಾಗಿಲ್ಲ’ ಎಂದರೆ, ಬುದ್ಧಿ ಹೇಳುವುದನ್ನು ಬಿಟ್ಟು ಅವಳ ಜೊತೆ ಆಸ್ಪತ್ರೆಗೆ ಹೊರಡೋಣ. ಇಷ್ಟನ್ನಾದರೂ ಇಂದು ತೀರ್ಮಾನ ಮಾಡಿಕೊಂಡು ಏಳೋಣ.