ಹೊಟ್ಟೆಯ ಹುಳು ಮತ್ತು ನಮ್ಮ ತೋಟದ ಮಣ್ಣು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಪರವಾಗಿ ಮಾಡಿದ ಭಾಷಣ)



25 ವರ್ಷಗಳಿಂದ ಈ ಸಂಘ ಬೆಳೆಸಾಲ, ಗೊಬ್ಬರ, ಮೈಲುತುತ್ತ ಎಂದು ರೈತರ ಕಷ್ಟಕ್ಕೆ ಒದಗುತ್ತಾ ಬಂದಿದೆ. ಇಂಥ ಶುಭ ಸಂದರ್ಭದಲ್ಲಿ ಹೊಟ್ಟೆಯ ಹುಳುವಿನ ವಿಚಾರ ಮಾತಾಡುವುದು ಸರಿಯೇ ಎಂದು ನಮ್ಮಲ್ಲೇ ಚರ್ಚೆಯಾಯಿತು. ಊಟಕ್ಕೆ ಮೊದಲಂತೂ ಬೇಡವೇ ಬೇಡ ಅಂದವರೂ ಇದ್ದರು. ಅಧ್ಯಕ್ಷರೇ "ಅದನ್ನೇ ಹೇಳಿ, ನಮ್ಮ ಜನಕ್ಕೆ ಬೇಕಾದ್ದು ಅದೇ" ಎಂದ ಮೇಲೆ ಧೈರ್ಯ ಬಂತು.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇವೆ. ಕೊಟ್ಟಿಗೆಯಲ್ಲಿ ಕರು ಹುಟ್ಟಿದರೆ ತಿಂಗಳು ತುಂಬುವುದರೊಳಗೆ ಜಂತುಹುಳುವಿನ ಔಷಧ ಕುಡಿಸುತ್ತೀರಿ. ಒಂದು ದಿನ ತಡವಾದರೂ ಪಶು ಆಸ್ಪತ್ರೆಗೆ ಫೋನು ಹೋಗುತ್ತದೆ. ಮನೆಯ ಯಜಮಾನಿತಿಗೆ, ತೋಟಕ್ಕೆ ಬರುವ ಆಳಿಗೆ ಕೊನೆಯ ಸಲ ಯಾವಾಗ ಕೊಡಿಸಿದಿರಿ? ನಗು ಬರುತ್ತಿದೆ, ಉತ್ತರ ಬರುತ್ತಿಲ್ಲ.

ಹುಳುಗಳಲ್ಲಿ ಹಲವು ಜಾತಿ. ಮಕ್ಕಳ ಮಲದಲ್ಲಿ, ಕೆಲವೊಮ್ಮೆ ವಾಂತಿಯಲ್ಲಿ ಎರೆಹುಳುವಿನಂತೆ ಉದ್ದಕ್ಕೆ ಬೀಳುವುದು ದುಂಡು ಜಂತುಹುಳು. ಒಂದು ಹೆಣ್ಣು ಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು, ತೊಳೆಯದ ಕೈಯಿಂದ, ಹಸಿ ತರಕಾರಿಯಿಂದ ಬಾಯಿಗೆ ಬರುತ್ತದೆ. ಬೆಲ್ಲ ತಿಂದರೆ ಹುಳು ಆಗುತ್ತದೆ ಎಂಬುದು ಸುಳ್ಳು, ಬೆಲ್ಲ ಹಿಡಿದ ಕೈಯಲ್ಲಿ ಮಣ್ಣಿದ್ದರೆ ಆಗುತ್ತದೆ. ಮಗುವಿಗೆ ಹೊಟ್ಟೆ ಉಬ್ಬರಿಸಿ, ತಡೆಯಲಾರದ ನೋವು, ವಾಂತಿ ಎರಡೂ ಇದ್ದರೆ ಹುಳುಗಳು ಗಂಟುಕಟ್ಟಿ ಕರುಳನ್ನು ಮುಚ್ಚಿರಬಹುದು. ಆಗ ಮಾತ್ರೆಯೂ ಬೇಡ, ಕಷಾಯವೂ ಬೇಡ, ನೇರ ಆಸ್ಪತ್ರೆಗೆ ಬನ್ನಿ. ರಾತ್ರಿ ಹೊತ್ತು ಮಗು ಹಿಂಭಾಗ ತುರಿಸಿಕೊಳ್ಳುತ್ತಿದ್ದರೆ ಅದು ಬಿಳಿ ದಾರದ ತುಂಡಿನಂಥ ಸಣ್ಣ ಹುಳು. ಅದಕ್ಕೆ ಮನೆಮಂದಿಗೆಲ್ಲ ಒಟ್ಟಿಗೆ ಮಾತ್ರೆ, ಎರಡು ವಾರ ಬಿಟ್ಟು ಇನ್ನೊಮ್ಮೆ. ಉಗುರು ಕತ್ತರಿಸಿ, ಹಾಸಿಗೆ ಬಟ್ಟೆ ಒಗೆಯಿರಿ. ಇನ್ನು ಲಾಡಿಹುಳು. ಹಂದಿ ಮಾಂಸ ತಿನ್ನುವವರಿಗಷ್ಟೇ ಅದರ ಚಿಂತೆ ಎಂದು ಸಸ್ಯಾಹಾರಿಗಳು ನೆಮ್ಮದಿಯಾಗಿದ್ದಾರೆ. ಆದರೆ ಅದರ ಮೊಟ್ಟೆ ಸೊಪ್ಪು ತರಕಾರಿಗೆ ಅಂಟಿ ಹೊಟ್ಟೆಗೆ ಹೋದರೆ ಮರಿಹುಳು ಮಿದುಳಿನಲ್ಲಿ ಗೂಡುಕಟ್ಟಿ ಫಿಟ್ಸ್ ಬರಬಹುದು. ಫಿಟ್ಸ್ ಬಂದವರು ತಾವಾಗಿಯೇ ಹುಳುವಿನ ಮಾತ್ರೆ ನುಂಗಬಾರದು, ವೈದ್ಯರನ್ನು ಕೇಳಬೇಕು.

ಈಗ ನಮ್ಮ ಮಲೆನಾಡಿಗೆ ಹೇಳಿ ಮಾಡಿಸಿದ ಹುಳುವಿನ ವಿಷಯ. ಅದೇ ಕೊಕ್ಕೆಹುಳು. ಉದ್ದ ಒಂದು ಸೆಂಟಿಮೀಟರು, ಕಣ್ಣಿಗೆ ಬೀಳುವುದೇ ಅಪರೂಪ. ಬಯಲಿನಲ್ಲಿ ಬಿದ್ದ ಮಲದಿಂದ ಮೊಟ್ಟೆ ಮಣ್ಣಿಗೆ ಸೇರುತ್ತದೆ. ನೆರಳು, ತೇವ, ಬೆಚ್ಚಗಿನ ಮಣ್ಣು ಸಿಕ್ಕರೆ ಒಂದೆರಡು ದಿನದಲ್ಲಿ ಮರಿ, ಐದರಿಂದ ಹತ್ತು ದಿನದಲ್ಲಿ ಆ ಮರಿ ಮನುಷ್ಯನಿಗೆ ಕಾಯುತ್ತಾ ಕೂರುತ್ತದೆ. ನೆರಳು, ತೇವ, ಬೆಚ್ಚಗಿನ ಮಣ್ಣು ಅಂದರೆ ಅಡಿಕೆ ತೋಟವೇ ಅಲ್ಲವೇ? ಬರಿಗಾಲು ಇಟ್ಟರೆ ಚರ್ಮ ಕೊರೆದು ಒಳಗೆ ಹೋಗಿ, ರಕ್ತದಲ್ಲಿ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಹತ್ತಿ, ನುಂಗಿದ ಎಂಜಲಿನ ಜೊತೆ ಕರುಳು ಸೇರಿ ಕಚ್ಚಿಕೊಳ್ಳುತ್ತದೆ.

ಈ ದಾರಿ ಗೊತ್ತಾದದ್ದು ಒಂದು ಆಕಸ್ಮಿಕದಿಂದ. 1890ರ ದಶಕದ ಕೊನೆಯಲ್ಲಿ ಈಜಿಪ್ಟಿನ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ ಕೊಕ್ಕೆಹುಳುವಿನ ಮರಿಗಳಿದ್ದ ನೀರನ್ನು ಕೈಮೇಲೆ ಚೆಲ್ಲಿಕೊಂಡರು. ಆ ಜಾಗ ಕೆಂಪಾಗಿ ತುರಿಸಿತು. ಕೆಲವು ವಾರ ಕಳೆದು ತಮ್ಮ ಮಲವನ್ನೇ ಪರೀಕ್ಷಿಸಿದರೆ ಅದರಲ್ಲಿ ಹುಳುವಿನ ಮೊಟ್ಟೆ! ನಮ್ಮಲ್ಲಿ ಮಳೆಗಾಲದ ಕಾಲಿನ ತುರಿಕೆಯೆಲ್ಲ ಇದೇ ಅಂತಲ್ಲ, ಆದರೆ ಕೆಲವು ಇದೇ ಇರುತ್ತದೆ.

ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ ಜಾತಿಯ ಒಂದು ಹುಳು ದಿನಕ್ಕೆ ಕಳೆಯುವ ರಕ್ತ 0.03 ಮಿಲಿ. ಏನೂ ಅಲ್ಲ ಅನಿಸುತ್ತದೆ. 100 ಹುಳು ಇದ್ದರೆ ದಿನಕ್ಕೆ 3 ಮಿಲಿ, ತಿಂಗಳಿಗೆ 90 ಮಿಲಿ. ಮುಟ್ಟಿನ ರಕ್ತ, ಹೆರಿಗೆಯ ರಕ್ತ ಕಳೆದುಕೊಳ್ಳುವ ಹೆಣ್ಣುಮಕ್ಕಳಿಗೆ ಇದು ಮೇಲಿಂದ ಮೇಲೆ ಬಿದ್ದ ಬಡ್ಡಿ.

ಹಿಂದೊಮ್ಮೆ ಒಬ್ಬ ಹೆಂಗಸು ಬಂದಿದ್ದರು, ತೋಟದ ಕೂಲಿ. "ಸುಸ್ತು ಅಂದ್ರೆ ಸುಸ್ತು ಡಾಕ್ಟ್ರೇ, ಗೊಬ್ಬರದ ಹೆಡಿಗೆ ಎತ್ತಿದ್ರೆ ಎದೆ ಹೊಡ್ಕೊಳ್ಳತ್ತೆ. ಕೆಲಸಕ್ಕೆ ಕಳ್ಳಿ ಅಂತ ಒಡೇರು ಬೈತಾರೆ" ಅಂದರು. ಅಂಗೈ, ಕಣ್ಣಿನ ಕೆಳರೆಪ್ಪೆಯ ಒಳಗೆ ಕಾಗದದ ಬಿಳಿ. ಪಾದ ಊದಿತ್ತು. ಕದ್ದುಮುಚ್ಚಿ ಗೋಡೆಯ ಮಣ್ಣು ತಿನ್ನುತ್ತಿದ್ದರಂತೆ. ಅದೂ ಕಬ್ಬಿಣಾಂಶದ ಕೊರತೆಯ ಗುರುತೇ. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು. ಮಾತ್ರೆ ಕೊಟ್ಟೆವು, ಕಬ್ಬಿಣಾಂಶದ ಗುಳಿಗೆ ಕೊಟ್ಟೆವು, ಮೂರು ತಿಂಗಳಲ್ಲಿ ಮುಖಕ್ಕೆ ಕಳೆ ಬಂತು. ನಾವೂ ಬೀಗಿದೆವು. ಮರುವರ್ಷ ಮಳೆ ಮುಗಿಯುವಾಗ ಅದೇ ಹೆಂಗಸು, ಅದೇ ಬಿಳಿ ಕಣ್ಣು. ತಪ್ಪು ನಮ್ಮದು. ಕಾಲಿಗೆ ಏನು ಹಾಕ್ತೀರಿ, ಬಯಲಿಗೆ ಎಲ್ಲಿ ಹೋಗ್ತೀರಿ ಅಂತ ಮೊದಲ ಸಲ ಕೇಳಲೇ ಇಲ್ಲ. ತೋಟದ ಕೆಳಗಿನ ಹಳ್ಳದ ದಂಡೆಗೆ ಹೋಗುತ್ತಿದ್ದರಂತೆ, ಅವರ ಜೊತೆ ಇನ್ನೂ ಏಳೆಂಟು ಜನ. ಒಬ್ಬರಿಗೆ ಮಾತ್ರೆ ಕೊಟ್ಟರೆ ಮಣ್ಣಿಗೆ ಕೊಟ್ಟ ಹಾಗಾಗುತ್ತದೆಯೇ? ಕೊಳೆರೋಗಕ್ಕೆ ಒಂದೇ ಮರಕ್ಕೆ ಬೋರ್ಡೋ ಹೊಡೆದು ಕೂತರೆ ನೀವೇ ನಗುತ್ತೀರಿ.

ಹಾಗೆಂದು ಮಾತ್ರೆ ಬೇಡ ಅಂತಲ್ಲ. ಆಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಸಲ, ಚೀಪಿ ಅಗಿದು ತಿನ್ನುವುದು. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ, ಪುಡಿ ಮಾಡಿ ನೀರಿನಲ್ಲಿ. 2015ರಿಂದ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಪುಕ್ಕಟೆ. ಅಂದು ಮಗುವನ್ನು ತಪ್ಪಿಸಬೇಡಿ. ಬಸುರಿಯರು ಮೊದಲ ಮೂರು ತಿಂಗಳು ತೆಗೆದುಕೊಳ್ಳಬಾರದು, ಆಮೇಲೆ ನಾವೇ ಕೊಡುತ್ತೇವೆ. ಹುಳು ಸತ್ತರೂ ಹೋದ ರಕ್ತ ತಾನಾಗಿ ಬರುವುದಿಲ್ಲ, ಕಬ್ಬಿಣಾಂಶದ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಲೇಬೇಕು. ಅದನ್ನು ಚಹಾದ ಜೊತೆ ನುಂಗಬೇಡಿ, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಮಲ ಕಪ್ಪಗಾದರೆ ಹೆದರಬೇಡಿ. ರಕ್ತ ಕಡಿಮೆ ಆಗುವುದಕ್ಕೆ ಹುಳು ಒಂದೇ ಕಾರಣವಲ್ಲ, ಆದ್ದರಿಂದ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು ಸ್ವಲ್ಪ ಖಾರ ಅನಿಸಬಹುದು. ಇಲ್ಲಿ ಕೂತ ಬಹುಪಾಲು ಸದಸ್ಯರ ಮನೆಯಲ್ಲಿ ಶೌಚಾಲಯ ಇದೆ. (ಕೆಲವದರಲ್ಲಿ ಸೌದೆ, ಅಡಿಕೆ ಸಿಪ್ಪೆ ತುಂಬಿರುವುದನ್ನೂ ನಾವು ಕಂಡಿದ್ದೇವೆ.) ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ತೋಟದಲ್ಲಿ ದುಡಿಯುವ ಆಳುಗಳಿಗೆ ಎಲ್ಲಿದೆ? ಹುಳುವಿಗೆ ಒಡೆಯ, ಆಳು ಎಂಬ ಭೇದ ಇಲ್ಲ. ಆ ಮಣ್ಣಿನಲ್ಲೇ ನಿಮ್ಮ ಮೊಮ್ಮಕ್ಕಳು ಬಿದ್ದ ಅಡಿಕೆ ಆರಿಸಲು ಓಡುತ್ತಾರೆ. ತೋಟದ ಮೇಲಿನ ದಿಬ್ಬದಲ್ಲಿ, ಬಾವಿಯಿಂದ ದೂರ, ಎರಡು ಗುಂಡಿಯ ಶೌಚಾಲಯ ಕಟ್ಟಿಸಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟಬೇಡಿ. ಹಸಿ ಮಲವನ್ನು ಗೊಬ್ಬರಕ್ಕೆ ತೆಗೆಯಲೇಬಾರದು. ಸಂಘದ ಮಳಿಗೆಯಲ್ಲಿ ಗೊಬ್ಬರದ ಚೀಲದ ಪಕ್ಕ ಗಮ್ ಬೂಟು ಇಟ್ಟು ಆಳುಗಳಿಗೂ ಕಂತಿನಲ್ಲಿ ಕೊಡಬಹುದೇ, ಶೌಚಾಲಯಕ್ಕೆ ಸಣ್ಣ ಸಾಲ ಕೊಡಬಹುದೇ ಎಂದು ಆಡಳಿತ ಮಂಡಳಿಯನ್ನು ಲಿಖಿತವಾಗಿ ಕೇಳಿದ್ದೇವೆ.

ಇದೆಲ್ಲ ಆಗುವ ಮಾತೇ ಅನ್ನುವವರಿಗೆ ಉತ್ತರ ಕರ್ನಾಟಕದ ನಾರುಹುಣ್ಣು ನೆನಪಿರಲಿ. ಕಾಲಿನಿಂದ ಮೊಳದುದ್ದದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದ ಕಾಯಿಲೆ. ಅದಕ್ಕೆ ಮಾತ್ರೆಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಮೆಟ್ಟಿಲು ಬಾವಿಗೆ ಇಳಿಯುವುದನ್ನು ತಪ್ಪಿಸಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು, ಬೋರ್‌ವೆಲ್ ಕೊರೆಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮುಕ್ತಿಪತ್ರ ಕೊಟ್ಟಿತು.

ಕೊನೆಗೆ ಒಂದು ಸೂಚನೆ. ಮಲ ಪರೀಕ್ಷೆಗೆ ಮುಚ್ಚಳದ ಸಣ್ಣ ಡಬ್ಬಿಗಳನ್ನು ಸಂಘದ ಕೌಂಟರಿನಲ್ಲಿ ಇಟ್ಟಿದ್ದೇವೆ. ನಾಚಿಕೆ ಪಡದೆ ಒಯ್ಯಿರಿ, ನಿಮ್ಮ ಆಳುಗಳ ಲೆಕ್ಕವನ್ನೂ ಸೇರಿಸಿ ಒಯ್ಯಿರಿ. ಬೆಳಗಿನ ಮಲ ಕಡಲೆಕಾಳಿನಷ್ಟು ಸಾಕು. ಹೆಸರು ಬರೆದು ಸೋಮವಾರ ಹತ್ತು ಗಂಟೆಯೊಳಗೆ ಆಶಾ ಕಾರ್ಯಕರ್ತೆಯರ ಕೈಗೆ ಕೊಡಿ.